ಉಳಿದ ಮೂರು ಉಗುರು

ಕರ್ರ್... ಕರ್ರ್...

ಮದುವೆ ಮನೆ ಮಲಗುವ ಹೊತ್ತಿನಲ್ಲಿ ಆ ಸಣ್ಣ ಸದ್ದೊಂದೇ ಉಳಿದಿತ್ತು. ದೇವರ ಮನೆಯ ಪಕ್ಕದ ಕೋಣೆಯಲ್ಲಿ ಪಾರ್ಲರಿನ ಉಮಾದೇವಿ ಮದುಮಗಳ ಬೆರಳು ಹಿಡಿದು, ಅಂಟಿಸಿದ ಕೃತಕ ಉಗುರು ಉಜ್ಜುತ್ತಿದ್ದಳು.

"ಏ ಹುಡುಗೀ, ಇಲಿ ಕಡದಂಗ ಆಗಾಕತ್ತದ. ಲಗೂ ಮುಗಸು," ಎಂದಳು ಮಂಚದ ಮೇಲಿದ್ದ ಅಜ್ಜಿ. "ಅಕ್ಕಿಕಾಳು ಹಾಕೋತನ ಅಕಿ ಕೈ ಹಿಡಕೊಂಡೇ ಕುಂದ್ರತೀಯೇನು?"

"ಇನ್ನೊಂದು ತಾಸು ರೀ ಯವ್ವಾ."

"ಉಗುರು ಹಚ್ಚಾಕ ಐದು ಸಾವಿರ! ನಮ್ಮ ಮಿಲ್ಲಿನ ಹಮಾಲರು ಚೀಲ ಹೊತ್ತು ಬೆನ್ನು ಮುರಕೊಂತಾರ. ನೀ ಕುಂತಲ್ಲೇ ಗಂಟು ಮಾಡಾಕತ್ತಿ."

ಉಮಾ ನಕ್ಕಳು. ಗಿರಾಕಿ ಏನಂದರೂ ನಗಬೇಕು. ಅದೂ ಕೆಲಸದಲ್ಲೇ ಸೇರಿತ್ತು.

ಮದುಮಗಳು ಸಹನಾ ದನಿ ತಗ್ಗಿಸಿ ಕೇಳಿದಳು. "ಅಕ್ಕಾ, ಖರೇನ ನಿಮಗೆಷ್ಟು ಬೀಳ್ತದ?"

"ಐದು ಸಾವಿರದಾಗ ನನಗ ಐದು ನೂರು ರೀ. ಉಳಿದದ್ದು ಪಾರ್ಲರಿಂದು. ತಿಂಗಳಿಗೆ ಒಂಬತ್ತು ಸಾವಿರ ಪಗಾರ, ಆಷಾಢದಾಗ ಅದೂ ಅರ್ಧ. ವಾರದಾಗ ನಿಮ್ಮ ಉಗುರು ಕಿತ್ತು ಬಂದ್ರ ನಾ ನನ್ನ ರೊಕ್ಕದಾಗ ಹಚ್ಚಿ ಕೊಡಬೇಕು. ಅದಕ್ಕ, ಮದಿವಿ ಆದ ಕೂಡ್ಲೇ ಭಾಂಡಿ ತಿಕ್ಕಾಕ ಕುಂದ್ರಬ್ಯಾಡ್ರಿ."

"ಅದನ್ನ ನಮ್ಮ ಅತ್ತಿಗೆ ನೀವೇ ಹೇಳಿ ಹೋಗ್ರಿ!" ಇಬ್ಬರೂ ನಕ್ಕರು.

ರಾಯಚೂರಿನ ಪಾರ್ಲರಿನ ಒಡತಿ ವಿಜಯಲಕ್ಷ್ಮಿ ಉಮಾಳನ್ನು ಮಾನ್ವಿಗೆ ಕಳಿಸುವಾಗ ಮಾತು ಕೊಟ್ಟಿದ್ದಳು: ಈ ಮಿಲ್ಲಿನ ಮನೆಯವರು ಮೆಚ್ಚಿದರೆ ಅವರ ಬೀಗರು ಬಿಜ್ಜರ ಮದುವೆಗಳೆಲ್ಲ ನಮಗೇ, ಆಗ ನಿನ್ನ ಪಾಲು ನೂರಕ್ಕೆ ಮೂವತ್ತು. ಮೂವತ್ತಾದರೆ ರಾಯಚೂರಿನಲ್ಲಿ ಒಂದು ಕೋಣೆ ಹಿಡಿಯಬಹುದು. ದೇವದುರ್ಗದಲ್ಲಿ ಕೂಲಿ ಮಾಡುವ ಅವ್ವನನ್ನು ಕರೆತರಬಹುದು. ಉಮಾ ಯಾರ ಪೈಕಿ ಎಂದು ಪಾರ್ಲರಿನಲ್ಲಿ ಯಾರೂ ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ಏಳು ಉಗುರು ಮುಗಿದಿದ್ದವು. ಸಹನಾಳ ಸೋದರತ್ತೆ ಶಿವಲೀಲಾ ಹಾಲಿನ ಲೋಟ ಹಿಡಿದು ಬಂದು, ಬಗ್ಗಿ ಉಗುರು ನೋಡಿದಳು. ಆಮೇಲೆ ಉಮಾಳ ಮುಖ ನೋಡಿದಳು.

"ನೀ ದೇವದುರ್ಗದ ಮೂಕಮ್ಮನ ಮಗಳಲ್ಲೇನು? ನಮ್ಮ ಹೊಲಕ್ಕ ಹತ್ತಿ ಬಿಡಸಾಕ ಬರ್ತಿದ್ದಿ, ಅವ್ವನ ಜೋಡಿ."

ಅಲ್ಲ ಎನ್ನಬಹುದಿತ್ತು. ಅವ್ವನ ಹೆಸರು ಕೇಳಿದ ಮೇಲೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಹೌದ್ರಿ."

ಶಿವಲೀಲಾ ಮಂಚದ ಹತ್ತಿರ ಹೋಗಿ ಅಜ್ಜಿಯ ಕಿವಿಯಲ್ಲಿ ಪಿಸುಗುಟ್ಟಿದಳು. ಅಜ್ಜಿ ಪಿಸುಗುಟ್ಟಲಿಲ್ಲ.

"ನಿನ್ನ ಬಾಯಾಗ ಮಣ್ಣು ಹಾಕ! ಕೇರಿಯಾಕಿ ಬಂದು ಮದುಮಗಳ ಕೈ ಹಿಡಕೊಂಡು ಕುಂತಾಳಲ್ಲೇ! ಅದೂ ದೇವರ ಮನಿ ಬಾಜೂಕ! ತಗಿ, ಹಚ್ಚಿದ್ದೆಲ್ಲಾ ತಗಿ ಮೊದ್ಲು!"

"ತಗಿಯಾಕೂ ನಾನೇ ಮುಟ್ಟಬೇಕಲ್ರೀ," ಎಂದಳು ಉಮಾ. "ಒಂದೊಂದೇ ಬೆರಳು ಹಿಡದು ಉಜ್ಜಿ ತಗೀಬೇಕು. ಹಚ್ಚೋದಕ್ಕಿಂತ ಹೆಚ್ಚು ಹೊತ್ತು ಹಿಡೀತದ."

ಯಾರಿಗೂ ಇದು ಹೊಳೆದಿರಲಿಲ್ಲ. ಅಜ್ಜಿ ಶಿವಲೀಲಾಳ ಮುಖ ನೋಡಿದಳು.

"ಅಜ್ಜಿ, ಸುಮ್ನಿರು ನೀ," ಎಂದಳು ಸಹನಾ. "ಮ್ಯಾಲೆ ಬೀಗರು ಮಲಗ್ಯಾರ."

ಬೀಗರೆಂದ ಕೂಡಲೇ ಅಜ್ಜಿಯ ದನಿ ಇಳಿಯಿತು. ಎದ್ದು ದೇವರ ಮನೆಗೆ ಹೋದಳು. ಪೂಜೆಗೆಂದು ತಂದಿದ್ದ ಗೋಮೂತ್ರದ ಬಾಟಲಿ ತಂದು ಸಹನಾಳ ಬೆರಳುಗಳ ಮೇಲೆ ಸುರಿದಳು. ಮೇಜು, ಬ್ರಷ್ಷು, ಉಗುರು ಒಣಗಿಸುವ ದೀಪದ ಪೆಟ್ಟಿಗೆ, ಯಾವುದನ್ನೂ ಬಿಡಲಿಲ್ಲ. ಉಳಿದದ್ದನ್ನು ಉಮಾಳ ಎದೆಗೂ ಮಡಿಲಿಗೂ ಚೆಲ್ಲಿದಳು. ಸಹನಾ ಕಣ್ಣು ಮುಚ್ಚಿ ಕೈ ಚಾಚಿಕೊಂಡೇ ಕೂತಿದ್ದಳು.

"ಹಾಂ. ಇನ್ನ ಉಳಿದ ಮೂರು ಮುಗಸು. ಮುಗಿಸಿ ಹಿತ್ತಲ ಬಾಗಲಾಗಿಂದ ಹೋಗು. ಕೂಳು ಅಲ್ಲೇ ಹಾಕಿ ಕೊಡತಾರ. ಹೊರಗ ಬಾಯಿ ಬಿಟ್ಟಿ ಅಂದ್ರ ಕಾಲು ಮುರಸ್ತೀನಿ, ರಂಡೆ."

ಉಮಾ ಸಹನಾಳನ್ನೇ ನೋಡಿದಳು. "ನೀವೇನಂತೀರಿ?"

ಸಹನಾ ತನ್ನ ಎಡಗೈ ತಿರುಗಿಸಿ ನೋಡಿಕೊಂಡಳು. "ಮುಗಿಸಿಬಿಡ್ರಿ ಅಕ್ಕಾ. ಹಿಂಗೇ ಬಿಟ್ರ ಫೋಟೋದಾಗ ಚಂದ ಕಾಣಂಗಿಲ್ಲ."

ಉಮಾ ದೀಪ ಆರಿಸಿದಳು. ಒದ್ದೆಯಾದ ಬ್ರಷ್ಷುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕತೊಡಗಿದಳು.

"ಏ, ಎಲ್ಲಿಗೆ?" ಎಂದಳು ಅಜ್ಜಿ.

"ತೊಳದೀರಲ್ರೀ. ತೊಳದ ಮ್ಯಾಲೆ ಮತ್ತ ನಾ ಮುಟ್ಟಿದ್ರ ಹೆಂಗ?"

"ಎರಡು ಸಾವಿರ ಮ್ಯಾಲೆ ತಗೋ, ಕುಂದ್ರು," ಎಂದು ಶಿವಲೀಲಾ ನೋಟುಗಳನ್ನು ನೆಲದ ಮೇಲೆ ಒಗೆದಳು. "ಭಾಳ ಸೊಕ್ಕು ಮಾಡಬ್ಯಾಡ."

ಉಮಾ ನೋಟುಗಳನ್ನು ದಾಟಿದಳು. ಹಿತ್ತಲ ಕಡೆ ತಿರುಗಲಿಲ್ಲ. ನಡುಮನೆ ಹಾದು ತಲಬಾಗಿಲಿಗೆ ಹೋದಳು. ಬೀಗರ ಚಪ್ಪಲಿಗಳ ನಡುವೆ ತನ್ನದನ್ನು ಹುಡುಕಿ ಮೆಟ್ಟಿಕೊಂಡಳು. ಅಗುಳಿ ತೆಗೆದಾಗ ದೊಡ್ಡ ಸದ್ದಾಯಿತು. ಹಿಂದೆ ನಿಂತಿದ್ದ ಇಬ್ಬರೂ ಕೂಗಲಿಲ್ಲ. ಕೂಗಿದರೆ ಮೇಲಿನವರು ಎಚ್ಚರಾಗುತ್ತಿದ್ದರು.

ಮಾನ್ವಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಬೆಳಗಾಯಿತು. ವಿಜಯಲಕ್ಷ್ಮಿಯ ಫೋನು ಬಂತು.

"ಏನಲೇ ಉಮಾ, ಮೂರು ಉಗುರು ಹಂಗೇ ಬಿಟ್ಟು ಬಂದೀಯಂತ! ನಡುವ ಸಾಮಾನು ಮುಗೀತು ಅಂತ ಅವರು ಹೇಳಾಕತ್ತಾರ. ಖರೇ ಏನು?"

ಮಡಿಲಲ್ಲಿದ್ದ ಚೀಲದಲ್ಲಿ ಬಾಟಲಿಗಳು ತುಂಬಿದ್ದವು. ಬೀಗರಿಗೆ ತಿಳಿದೀತೆಂಬ ಹೆದರಿಕೆಗೆ, ನಿಜ ಹೇಳಲು ಮಿಲ್ಲಿನ ಮನೆಯವರಿಗೂ ಆಗಿರಲಿಲ್ಲ. ತಾನು ಹೇಳಿದರೆ? ಒಂದು ಮನೆಗೆ ಗೊತ್ತಾದದ್ದು ವಿಜಯಲಕ್ಷ್ಮಿಗೂ ಗೊತ್ತಾಗುತ್ತದೆ. ಆಮೇಲೆ ಅವಳು ಯಾವ ಮನೆಗೂ ಕಳಿಸುವುದಿಲ್ಲ. ಬಹಳವೆಂದರೆ, ಕೂದಲು ಗುಡಿಸಲು ಇಟ್ಟುಕೊಂಡಾಳು.

"ಹೌದ್ರಿ ಮೇಡಂ. ಮುಗೀತು."

"ಥೂ ನಿನ್ನ! ಅವರು ರೊಕ್ಕ ಕೊಡಲ್ಲ ಅಂತಾರ. ಐದು ಸಾವಿರ ನಿನ್ನ ಪಗಾರದಾಗ ಹಿಡೀತೀನಿ. ಮೂವತ್ತರ ಮಾತು ಮರತುಬಿಡು."

ಇಂದೇ ಅವ್ವನೂ ಫೋನು ಮಾಡುತ್ತಾಳೆ. ಮದಿವಿ ಮನ್ಯಾಗ ಏನೇನು ಉಂಡಿ ಬೇ, ಎಂದು ಕೇಳುತ್ತಾಳೆ. ಹೋಳಿಗೆ ಎನ್ನಬೇಕು. ಶಿವಲೀಲಾಳ ಹೆಸರು ಎತ್ತಿದರೆ ಅವ್ವ ಅವರ ಹೊಲಕ್ಕೇ ಹೋಗಿ ಜಗಳ ತೆಗೆದಾಳು, ಇದ್ದ ಕೂಲಿಯೂ ಹೋದೀತು.

ರಾಯಚೂರು ಬಸ್ಸು ಬಂತು. ಪಕ್ಕದಲ್ಲಿ ಕೂತ ಹೆಂಗಸು ಅವಳ ಬಟ್ಟೆಯ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಏನಾಗ್ಯದ ತಂಗಿ?"

ಯಾರಿಗೂ ಹೇಳುವುದಿಲ್ಲ ಎಂದು ಉಮಾ ಆಗಲೇ ನಿರ್ಧರಿಸಿಯಾಗಿತ್ತು.

"ಏನಿಲ್ರೀ," ಎಂದು ಕಿಟಕಿ ತೆರೆದಳು.