ಎಲ್ಲರಿಗೂ ಅನುಮತಿ

ಪ್ರಕಟಣೆ ಕೂಗುವ ಆಪೀಸಿನ ಹೊರಗೋಡೆಯ ಹಾರ್ನು ಕರಕರ ಎಂದು ಗಂಟಲು ಸರಿಮಾಡಿಕೊಂಡಿತು, ಸದ್ಯ, ಜೀವ ಬಂತು ಬುಡು ಎಂದುಕೊಂಡ ಮಲ್ಲೇಶ, ಒಳಕೋಣೆಯ ಸರ್ವರ್ ಮುಂದೆ ಕುರ್ಚಿಗೆ ಬೆನ್ನು ಒರಗಿಸಿ — ಬೆಳಗಿನಿಂದ ಅದೇ ರಗಳೆ, ಪ್ರಕಟಣೆಗಳೆಲ್ಲ ಇರುವುದು ಈ ಸರ್ವರಿನಲ್ಲಿ, ಕೂಗಿಸಬೇಕಾದ ಕಂಪ್ಯೂಟರು ಮುಂದಿನ ಕೌಂಟರಿನಲ್ಲಿ, ಅಲ್ಲಿಂದ ಫೋಲ್ಡರ್ ತೆರೆದರೆ ನಿಮಗೆ ಅನುಮತಿ ಇಲ್ಲ, ಪಾಸ್‌ವರ್ಡ್ ಮತ್ತೆ ಹೊಡೆದರೂ ಇಲ್ಲ, ಮಲ್ಲೇಶಣ್ಣ ಸೀರೆ ಅಂಗ್ಡಿಯೋರು ಫೋನ್ ಮ್ಯಾಲೆ ಫೋನು ಕಣಣ್ಣ, ಏನನ್ಲಿ ಅವ್ರಿಗೆ, ಎಂದು ಕೌಂಟರಿನ ಸುಕನ್ಯ, ಕೊನೆಗೆ ರೇಗಿ ಎಲ್ಲರಿಗೂ ಪೂರ್ತಿ ಅನುಮತಿ ಎಂದು ಒತ್ತಿದ, ಒಳಗಿನ ಫೋಲ್ಡರುಗಳಿಗೂ ಅನ್ವಯಿಸಲೇ ಎಂದು ಅದು ಕೇಳಿತ್ತು, ಕೇಳಿತ್ತಲ್ಲ, ಓದದೆ ಹೂಂ ಅಂದಿದ್ದ — ಹ್ಯಾಂಡ್‌ಪೋಸ್ಟಿನ ಮಹಾಜನಗಳೇ, ಎಂದಿತು ಹಾರ್ನು, ಕಂಠಪ್ಪನವರ ದನಿಯಲ್ಲಿ. ಅಲ್ಲ, ಅವನದೇ ದನಿ, ಕಂಠಪ್ಪನವರ ಹಾಗೆ, ಗುರುಪುರದ ಗೆಳೆಯರನ್ನು ನಗಿಸಲು ಅಣಕಿಸಿ, ತನ್ನೊಬ್ಬನಿಗೇ ಕಾಣುವ ಫೋಲ್ಡರಿನಲ್ಲಿ ಬಚ್ಚಿಟ್ಟದ್ದು, ಸಿಕ್ಕಿದ್ದನ್ನೆಲ್ಲ ಒಂದರ ಹಿಂದೊಂದು ಕೂಗುವಂತೆ ಆ ಕಂಪ್ಯೂಟರಿಗೆ ಹೇಳಿಟ್ಟವನೂ ಅವನೇ, ಮತ್ತು ಕಂಠಪ್ಪನವರು ಈಗ ಅಲ್ಲೇ ಇದ್ದಾರೆ, ಹಾರ್ನಿನ ಕೆಳಗಿನ ಬೆಂಚಿನಲ್ಲಿ, ಗಂಟಲಿನ ತೂತಿನ ಮೇಲೆ ಬಿಳಿ ಬಟ್ಟೆ ಕಟ್ಟಿಕೊಂಡು.

ಅಳಿಸು, ಅಳಿಸು, ಫೈಲ್ ಬಳಕೆಯಲ್ಲಿದೆ, ಅಳಿಸಲಾಗದು, ಅನುಮತಿಯನ್ನೇ ವಾಪಸ್ ಕಿತ್ತುಕೊಂಡ, ಆಗಲೇ ತೆರೆದುಕೊಂಡ ಫೈಲಿಗೆ ಅದು ಲೆಕ್ಕವೇ ಇಲ್ಲ, ಒಳಗೆ ಬಂದವನು ಬಂದಾಯಿತು — ಉಸ್ರು ಹೊಟ್ಟೇಲಿಡ್ಕಳ್ಳಾ, ಗಂಟ್ಲಲ್ಲಲ್ಲ ಕಣ್ಲಾ ಬಡ್ಡೆತ್ತದೆ, ಎಂದು ತನಗೆ ಮೈಕು ಹಿಡಿಯಲು ಕಲಿಸಿದವರು ಅವರು, ಕೋಟೆ ಸೀಮೆಯ ಸಾವು, ಸೀರೆ, ಸಂತೆಯನ್ನೆಲ್ಲ ಕೂಗಿದ ಗಂಟಲು, ಆಪರೇಷನ್ನಿನಲ್ಲಿ ಅವರ ದನಿಯೇ ಹೋದಾಗ ಮಂಚದ ಪಕ್ಕ ಕೂತು ಕೈ ಹಿಡಿದುಕೊಂಡಿದ್ದ, ಹೌದು, ಹಿಡಿದುಕೊಂಡೇ ಆ ಬಟ್ಟೆಯ ಹಿಂದಿನ ಸಿಳ್ಳೆಯಂಥ ಉಸಿರನ್ನು ಕಿವಿಗೆ ತುಂಬಿಕೊಳ್ಳುತ್ತಿದ್ದ, ಮನೆಗೆ ಬಂದವನೇ ಅದನ್ನೂ ಅಣಕಿಸಿ ರೆಕಾರ್ಡ್ ಮಾಡಿದ, ಥೂ, ಅವರಿಗೆ ಗಂಜಿ ಕೊಟ್ಟ ಕೈ ತೊಳೆದಿದ್ದನೋ ಇಲ್ಲವೋ — ನನ್ ಗಂಟ್ಲು ಕಳದೋಗದೆ ಕಣ್ರಪ್ಪೋ, ಎನ್ನುತ್ತಿದೆ ಹಾರ್ನು, ಸಿಕ್ದೋರು ಆಪೀಸ್ಗೆ ತಂದ್ಕೊಡಿ, ಈಗ ಆ ಸಿಳ್ಳೆ ಬರುತ್ತದೆ, ಬೇಡ, ಕೌಂಟರಿಗೆ ಹೋಗುವ ಕೇಬಲ್ಲನ್ನೇ ಕಿತ್ತ, ನಿಲ್ಲಲಿಲ್ಲ, ಪುಟ್ಟ ಫೈಲು, ಅಷ್ಟರಲ್ಲಿ ಇಡಿಯಾಗಿ ಅತ್ತ ದಾಟಿಹೋಗಿತ್ತು, ಸುಯ್ಯ್, ಸುಯ್ಯ್, ಬಸ್ಸಿಗೆ ಕಾಯುವವರು ನಗುತ್ತಿದ್ದಾರೆ, ಓಡಿದ, ಕಿತ್ತ ಕೇಬಲ್ಲಿನ ತುದಿ ಕೈಯಲ್ಲೇ.

ಬಾಗಿಲಿಗೆ ಬರುವಷ್ಟರಲ್ಲಿ ಹಾರ್ನು ಮುಗಿದಿತ್ತು, ಜನರ ನಗುವೂ ಬೆಂಚಿನ ಕಡೆ ನೋಡಿ ಅರ್ಧಕ್ಕೆ ನಿಂತಿತ್ತು, ಸುಕನ್ಯ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು, ಕಂಠಪ್ಪನವರು ಬಗ್ಗಿಬಿಟ್ಟಿದ್ದರು, ಬಿದ್ದರೋ, ಅಯ್ಯೋ, ಇಲ್ಲ, ಭುಜ ಕುಣಿಯುತ್ತಿದೆ, ತೊಡೆ ತೊಡೆ ತಟ್ಟುತ್ತಿದ್ದಾರೆ, ಬಾಯಿ ಇಷ್ಟಗಲ, ಸದ್ದೇ ಇಲ್ಲ, ಅಲ್ಲಿದ್ದ ಅಷ್ಟು ಜನರಲ್ಲಿ ಅಷ್ಟು ದೊಡ್ಡದಾಗಿ ಯಾರೂ ನಕ್ಕಿರಲಿಲ್ಲ, ಅಣ್ಣೋ, ನಾನು, ಅದು, ಎಂದ, ಅವರು ಕಣ್ಣೊರೆಸಿಕೊಂಡು ಹಾರ್ನಿನ ಕಡೆ ಕೈ ತೋರಿಸಿದರು, ಆಮೇಲೆ ಒಂದು ಬೆರಳೆತ್ತಿದರು, ಇನ್ನೊಂದ್ಸಲ, ಮೊದಲ ಭಾಗ, ತಮ್ಮ ಆ ಹಳೆಯ ತುಂಬು ದನಿಯದು, ಮಹಾಜನಗಳೇ ಎಂದು ತುಟಿಯಲ್ಲೇ ಆಡಿ ತೋರಿಸಿದರು, ಇನ್ನೊಂದೇ ಸಲ, ಬೆರಳು ಹಾಗೇ ನಿಂತಿತ್ತು, ನಗುವಿಗೆ ಬಟ್ಟೆ ಒಳಕ್ಕೆ ಹೀರಿಕೊಂಡು ಹೊರಕ್ಕೆ ಉಬ್ಬಿ, ಒಳಕ್ಕೆ, ಹೊರಕ್ಕೆ, ಆ ಬಿಳಿ ಬಟ್ಟೆ —