ಇನ್ನೇನು ಬಂತು

ಬೆಟ್ಟ ಹತ್ತಿಸುವ ಆ ಕಂಪನಿಯಲ್ಲಿ ಹನ್ನೊಂದು ಜನ ಗೈಡುಗಳು. ಹತ್ತು ಜನಕ್ಕೆ ಅಪ್ಪ ಅಮ್ಮ ಇಟ್ಟ ಹೆಸರಿತ್ತು, ಒಬ್ಬಳಿಗೆ ಮಾತ್ರ ಗಿರಾಕಿಗಳು ಇಟ್ಟ ಹೆಸರು: ಇನ್ನೇನಮ್ಮ. ವಯಸ್ಸು ಐವತ್ತೆಂಟು. ಹತ್ತುವವರು ಏದುಸಿರು ಬಿಡುತ್ತಾ "ಇನ್ನೂ ಎಷ್ಟು ದೂರ?" ಎಂದು ಕೇಳಿದರೆ ಸಾಕು, "ಇನ್ನೇನು ಬಂತು" ಅನ್ನುವಳು. ತುದಿಗೆ ಹತ್ತು ನಿಮಿಷ ಇದ್ದರೂ ಅದೇ, ನಾಲ್ಕು ಗಂಟೆ ಇದ್ದರೂ ಅದೇ. ವ್ಯಾನಿನಿಂದ ಇಳಿದು ಬೂಟಿನ ದಾರ ಕಟ್ಟಿಕೊಳ್ಳುತ್ತಾ ಕೇಳಿದವರಿಗೂ ಅದೇ ಉತ್ತರ ಸಿಕ್ಕಿದ್ದುಂಟು.

ಇಂಥವಳ ಕೈಕೆಳಗೆ ಕೆಲಸ ಮಾಡುವ ಯೋಗ ಅವಳ ಸೊಸೆಗೇ ಬಂದಿತ್ತು. ಮನೆಯಲ್ಲೂ ಅತ್ತೆ, ಕೆಲಸದಲ್ಲೂ ಅತ್ತೆ ಎಂದರೆ ಕೇಳಿದವರು ಅಯ್ಯೋ ಪಾಪ ಅನ್ನುತ್ತಿದ್ದರು. ಅಯ್ಯೋ ಅನ್ನುವಂಥದ್ದೇನೂ ಇರಲಿಲ್ಲ. ಮದುವೆಯಾಗಿ ಬಂದ ಮೊದಲ ವಾರವೇ ಅತ್ತೆ ಬೆನ್ನಿಗೆ ದೊಡ್ಡದೊಂದು ಚೀಲ ಏರಿಸಿಕೊಂಡು ಬಾಗಿಲಲ್ಲಿ ನಿಂತು, "ಭಾನುವಾರ ಬರ್ತೀನಿ, ಫ್ರಿಜ್ಜಲ್ಲಿ ಹಾಲಿದೆ" ಎಂದು ಹೇಳಿ ಮೆಟ್ಟಿಲಿಳಿದು ಹೋಗಿದ್ದಳು. ಸೊಸೆ ಅದನ್ನು ಬಾಯಿ ಬಿಟ್ಟುಕೊಂಡು ನೋಡಿದ್ದಳು. ಮಾರನೇ ತಿಂಗಳು ತಾನೂ ಕಂಪನಿಗೆ ಅರ್ಜಿ ಹಾಕಿದಳು. ಗಂಡನೋ, ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ತಲೆ ಸುತ್ತುತ್ತೆ ಅನ್ನುವ ಪ್ರಾಣಿ. ಆ ಮನೆಯ ಧೈರ್ಯವೆಲ್ಲ ಒಂದೇ ತಲೆಮಾರಿಗೆ ಖರ್ಚಾಗಿಹೋಗಿತ್ತು.

ಕಂಪನಿಯಲ್ಲಿ ಗೈಡುಗಳು ಎರಡು ಬಗೆ. ತಂಡದ ಮುಂದೆ ನಡೆಯುವವರು ದಾರಿ ನಿರ್ಧರಿಸುತ್ತಾರೆ, ಎಲ್ಲಿ ನಿಲ್ಲಬೇಕು, ಯಾವಾಗ ಹಿಂದಿರುಗಬೇಕು ಎಂಬುದೆಲ್ಲ ಅವರದೇ. ಹಿಂದೆ ನಡೆಯುವವರು ಯಾರೂ ಉಳಿದುಹೋಗದ ಹಾಗೆ ನೋಡಿಕೊಳ್ಳುತ್ತಾರೆ. ಸೊಸೆ ನಾಲ್ಕು ವರ್ಷದಿಂದ ಹಿಂದೆಯೇ ನಡೆದಿದ್ದಳು. ಮುಂದೆ ಬರಬೇಕಾದರೆ ಪರೀಕ್ಷೆಯಿತ್ತು. ಒಂದು ತಂಡವನ್ನು ತಾನೇ ಹತ್ತಿಸಿ ಇಳಿಸಬೇಕು, ಅತ್ಯಂತ ಹಿರಿಯ ಗೈಡು ಹಿಂದಿನಿಂದ ನೋಡಿಕೊಂಡು ಬಂದು ಒಂದು ಹಾಳೆಯಲ್ಲಿ 'ಮುಂದೆ' ಅಥವಾ 'ಹಿಂದೆ' ಎಂಬ ಎರಡು ಚೌಕದಲ್ಲಿ ಒಂದಕ್ಕೆ ಗುರುತು ಹಾಕಬೇಕು. ಅತ್ಯಂತ ಹಿರಿಯ ಗೈಡು ಅತ್ತೆಯೇ. ಅವಕಾಶ ಮೂರೇ ಮೂರು.

ಮೊದಲ ಎರಡು ಸಲವೂ ಅತ್ತೆ 'ಹಿಂದೆ' ಎಂಬ ಚೌಕಕ್ಕೆ ಗುರುತು ಹಾಕಿ ಕೆಳಗೆ ಒಂದೇ ಮಾತು ಬರೆದಿದ್ದಳು: "ಕಾಲು ಚೆನ್ನಾಗಿದೆ. ಕಿವಿ ಇಲ್ಲ."

ಸೊಸೆಗೆ ಉರಿದುಹೋಯಿತು. ಮರುದಿನವೇ ಕಿವಿ ಡಾಕ್ಟರ ಹತ್ತಿರ ಹೋಗಿ ಪರೀಕ್ಷೆ ಮಾಡಿಸಿ, ಎರಡೂ ಕಿವಿ ಸರಿಯಾಗಿವೆ ಎಂಬ ಚೀಟಿ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಅತ್ತೆ ಕನ್ನಡಕ ಏರಿಸಿ ಪೂರ್ತಿ ಓದಿದಳು. "ಚೆನ್ನಾಗಿದೆ," ಎಂದು ಹೇಳಿ ಹಾಲು ತೆಗೆದುಕೊಂಡು ಹೋದಳು.

ಮೂರನೇ ಪರೀಕ್ಷೆಯ ದಿನ ತಂಡದಲ್ಲಿ ಐದು ಜನ. ಹಲ್ಲಿನ ಡಾಕ್ಟರು ಮತ್ತು ಅವರ ಹೆಂಡತಿ, ಬೇಕರಿ ನಡೆಸುವ ಅಕ್ಕ ತಂಗಿ, ಜೊತೆಗೆ ಜಿಮ್ಮಿನಲ್ಲಿ ಕಸರತ್ತು ಹೇಳಿಕೊಡುವ ಒಬ್ಬ ಯುವಕ. ಅವನ ತೋಳು ನೋಡಿಯೇ ಬೇಕರಿ ತಂಗಿ ಪೈಲ್ವಾನ್ ಎಂದು ಕರೆದಳು, ಅದೇ ನಿಂತಿತು. ಬೆಟ್ಟದ ಬುಡದ ತಂಗುಮನೆಯ ಸಾಮಾನಿನ ಕೋಣೆಯಲ್ಲಿ ಸೊಸೆ ಎಲ್ಲರ ಚೀಲ ತೂಗಿ, ಬೂಟಿನ ಅಡಿ ನೋಡಿ, ಹಗ್ಗ ಸುತ್ತಿದಳು. ಕಿತ್ತಳೆ ಬಣ್ಣದ ದೊಡ್ಡ ಚೀಲವನ್ನೂ ಮಡಚಿ ತನ್ನ ಬೆನ್ನಿಗೇ ಹಾಕಿಕೊಂಡಳು. ಗಾಳಿ ಚಳಿ ಹೆಚ್ಚಾದರೆ ಇಡೀ ತಂಡ ಅದರೊಳಗೆ ಮಂಡಿಗೆ ಮಂಡಿ ತಾಗಿಸಿ ಕೂರಬಹುದು. ಗೋಡೆಯ ಮೇಲೆ ಅತ್ತೆಯೇ ದಪ್ಪ ಅಕ್ಷರದಲ್ಲಿ ಬರೆದ ನಿಯಮಗಳಿದ್ದವು. ಮೊದಲನೆಯದು: ಗೈಡು ತನ್ನ ಮೈಮೇಲಿನ ಬಟ್ಟೆಯನ್ನು ಯಾರಿಗೂ ಬಿಚ್ಚಿ ಕೊಡಬಾರದು.

"ಐದು ಗಂಟೆಯೊಳಗೆ ಕೆಳಗಿರಬೇಕು," ಅಂದಳು ಅತ್ತೆ. "ಹಾಳೆಯಲ್ಲಿ ಸಮಯಕ್ಕೂ ಒಂದು ಕಾಲಂ ಇದೆ."

"ಗೊತ್ತು ಅತ್ತೆ. ನಾಲ್ಕೂ ಐವತ್ತಕ್ಕೆ ಇಳಿಸ್ತೀನಿ."

ಸೊಸೆಯ ಕೈಯಲ್ಲಿ ದೂರ, ಎತ್ತರ, ನಿಮಿಷ ಎಲ್ಲ ತೋರಿಸುವ ಗಡಿಯಾರವಿತ್ತು. ಯಾರಾದರೂ ಕೇಳಿದರೆ ನೋಡಿ, ಇಷ್ಟು ಗಂಟೆ ಇಷ್ಟು ನಿಮಿಷ ಎಂದು ನೇರವಾಗಿ ಹೇಳುವಳು. ಅತ್ತೆಯ ಮೇಲೆ ಅವಳಿಗೆ ಬೆಟ್ಟದಷ್ಟು ಗೌರವ, ಆದರೆ ಈ 'ಇನ್ನೇನು ಬಂತು' ಒಂದು ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಂಬಿ ಬಂದವರಿಗೆ ದಿನವಿಡೀ ಸುಳ್ಳು ಹೇಳುವುದು ಯಾವ ಸೀಮೆಯ ಕೆಲಸ ಎಂದು ಅವಳ ತಕರಾರು.

ಮೂರು ಗಂಟೆ ಕಾಲ ಹತ್ತಿದ ಮೇಲೆ ಕಡಿದಾದ ಕಲ್ಲಿನ ದಾರಿ ಬಂತು. ಡಾಕ್ಟರ ಮುಖ ಸುಣ್ಣವಾಗಿತ್ತು. "ಇನ್ನೂ ಎಷ್ಟಿದೆಯಮ್ಮಾ?" ಎಂದು ಕೇಳಿದರು. ಸೊಸೆ ಗಡಿಯಾರ ನೋಡುವುದರೊಳಗೆ ಹಿಂದಿನಿಂದ ಕೂಗು ಬಂತು.

"ಇನ್ನೇನು ಬಂತು!"

"ರೀ ಅಮ್ಮ, ಬೆಳಗ್ಗೆಯಿಂದ ಇದೇ ಹಾಡಾಯ್ತಲ್ಲ!" ಡಾಕ್ಟರು ರೇಗಿದರು. "ನಾನು ಹಲ್ಲು ಕೀಳುವಾಗ ನೋವಾಗಲ್ಲ ಅಂತೀನಲ್ಲ, ಹಾಗಿದೆ ನಿಮ್ಮ ಮಾತು!"

"ಇನ್ನೇನಂತೆ ಇನ್ನೇನು! ನಿಮ್ಮ ಇನ್ನೇನಿಗೆ ಬೆಂಕಿ ಹಾಕ!" ಅಂದಳು ಬೇಕರಿ ಅಕ್ಕ. ಎಲ್ಲರೂ ನಕ್ಕರು.

ಪೈಲ್ವಾನ್ ನಗಲಿಲ್ಲ. "ಹೌದಾ? ಸರಿ," ಅಂದ, ತಲೆಯಾಡಿಸಿ ಹೆಜ್ಜೆ ಎತ್ತಿಟ್ಟ.

"ನಿಲ್ಲಿ," ಅಂದಳು ಅತ್ತೆ.

ಪರೀಕ್ಷೆ ಮಾಡುವವರು ನಡುವೆ ಬಾಯಿ ಹಾಕುವಂತಿರಲಿಲ್ಲ. ಆದರೂ ಅವಳು ಸರಸರ ಮುಂದೆ ಬಂದು ಪೈಲ್ವಾನನ್ನು ಒಂದು ಬಂಡೆಯ ಮೇಲೆ ಕೂರಿಸಿ, ಚೀಲದಿಂದ ಒಣ ಖರ್ಜೂರದ ಡಬ್ಬಿ ತೆಗೆದಳು. "ಬೆಳಗ್ಗೆ ಏನು ತಿಂದೆ ಮಗನೇ?"

"ಒಂದು ಲೋಟ ಪ್ರೋಟೀನ್ ಪುಡಿ..."

"ಪುಡಿ ಕುಡಿದು ಬೆಟ್ಟ ಹತ್ತೋಕಾಗುತ್ತಾ? ತಿನ್ನು."

ಸೊಸೆಗೆ ಮೈಯೆಲ್ಲ ಮುಳ್ಳು. ಅತ್ತೆಯನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು. "ಅತ್ತೆ, ಕೂರಿಸೋದಾದ್ರೆ ಡಾಕ್ಟರನ್ನ ಕೂರಿಸ್ಬೇಕಿತ್ತು. ಅವರ ಮುಖ ನೋಡಿ. ಇವನಿಗೇನಾಗಿದೆ, ಕಲ್ಲುಗುಂಡಿನ ಹಾಗಿದ್ದಾನೆ."

"ಡಾಕ್ಟರು ಬೈತಿದ್ದಾರಲ್ಲ."

"ಇವನು ಬೈಲಿಲ್ಲ, ಮರ್ಯಾದಸ್ಥ."

"ಇವನು ಹೌದಾ ಅಂದ. ಕೇಳಿಸ್ಲಿಲ್ವಾ?"

"ಕೇಳಿಸ್ತು. ಹೌದಾ ಅಂದ್ರೆ ತಪ್ಪೇನು?"

ಅತ್ತೆ ಅವಳ ಮುಖವನ್ನೊಮ್ಮೆ ನೋಡಿ, ಡಬ್ಬಿಯ ಮುಚ್ಚಳ ಹಾಕಿದಳು. ಹೋಯಿತು, ಮೂರನೆಯದೂ ಹೋಯಿತು ಎಂದುಕೊಂಡಳು ಸೊಸೆ.

ಕಾಲು ಗಂಟೆಯ ಮೇಲೆ ಪೈಲ್ವಾನ್ ಎದ್ದು ನಿಂತು, "ಅಮ್ಮಾ, ಇನ್ನೂ ಎಷ್ಟು ಅಂತ ಸರಿಯಾಗಿ ಹೇಳ್ರೀ, ನಮ್ಮನ್ನೇನು ಆಟ ಆಡಿಸ್ತೀರಾ?" ಅಂದ. ಅತ್ತೆಯ ಮುಖ ಅರಳಿತು. "ಹಾಂ, ಈಗ ನಡೀರಿ," ಎಂದು ಮತ್ತೆ ಹಿಂದಕ್ಕೆ ಹೋಗಿ ನಿಂತಳು.

ತುದಿ ತಲುಪಿದಾಗ ಆಕಾಶ ತಿಳಿಯಾಗಿತ್ತು. ಅತ್ತೆ ಅಲ್ಲಿಗೆ ನಾನೂರು ಸಲವಾದರೂ ಬಂದಿದ್ದಾಳು. ಆದರೂ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಮೊದಲ ಸಲ ಬಂದವಳಂತೆ ಸುತ್ತ ನೋಡಿದಳು. ಬೇಕರಿ ಅಕ್ಕನಿಗೆ ಅಂಚಿನ ಹತ್ತಿರ ಬರಲು ಭಯ. ಅತ್ತೆ ಧೈರ್ಯ ಹೇಳಲಿಲ್ಲ, ಕೈ ಎಳೆಯಲಿಲ್ಲ. ಅವಳ ಪಕ್ಕ ಕುಳಿತು ಬನ್ನು ಉಬ್ಬದಿದ್ದರೆ ಏನು ಮಾಡಬೇಕೆಂದು ವಿಚಾರಿಸತೊಡಗಿದಳು. ಮಾತಾಡುತ್ತಾ ಮಾತಾಡುತ್ತಾ ಇಬ್ಬರೂ ಕೂತಲ್ಲೇ ಒಂದೊಂದೇ ಗೇಣು ಸರಿದರು. ಹಿಟ್ಟು ನಾದುವ ವಿಷಯ ಮುಗಿಯುವ ಹೊತ್ತಿಗೆ ಬೇಕರಿ ಅಕ್ಕ ಕಣಿವೆಯನ್ನೇ ನೋಡುತ್ತಿದ್ದಳು, ಕಣ್ಣಲ್ಲಿ ನೀರಿತ್ತು. ದೂರದಿಂದ ಇದನ್ನು ಕಂಡ ಸೊಸೆಗೆ ಹೊಟ್ಟೆಕಿಚ್ಚೂ ಪ್ರೀತಿಯೂ ಒಟ್ಟಿಗೇ ಉಕ್ಕಿದವು. ಇಂಥವಳ ಕೈಯಿಂದ 'ಮುಂದೆ' ಎಂದು ಬರೆಸಿಕೊಳ್ಳದೆ ಬೇರೆ ಯಾರು ಬರೆದರೂ ಅದಕ್ಕೆ ಬೆಲೆಯಿಲ್ಲ ಅನ್ನಿಸಿತು.

ಇಳಿಯಲು ಶುರು ಮಾಡಿ ಒಂದು ಗಂಟೆಗೆ ಮೋಡ ಕವಿಯಿತು. ಗಾಳಿಯ ಜೊತೆ ಸೂಜಿ ಚುಚ್ಚಿದಂಥ ತಣ್ಣನೆ ಹನಿ. ಪೈಲ್ವಾನನ ಹೊಸ ಕೋಟು ಹತ್ತೇ ನಿಮಿಷದಲ್ಲಿ ನೀರು ಹೀರಿತು. ಮಳೆ ತಡೆಯುತ್ತದೆಂದು ಹೇಳಿ ಅಂಗಡಿಯವನು ಕೋಟಿನ ಜೊತೆ ಟೋಪಿಯನ್ನೂ ಹಾಕಿದ್ದ. ಸೊಸೆ ಮುಂದೆ ದಾರಿಯ ಮೇಲೆಯೇ ಕಣ್ಣಿಟ್ಟಿದ್ದಳು. ಮಂಜಿನಲ್ಲಿ ದಾರಿಗುರುತಿನ ಒಂದು ಕಲ್ಲುಗುಪ್ಪೆಯಿಂದ ಇನ್ನೊಂದನ್ನು ಹುಡುಕುತ್ತಾ, ಐದು ತಲೆ ಎಣಿಸುತ್ತಾ, ಜಾರುವ ಕಡೆ ಹಗ್ಗ ಕಟ್ಟುತ್ತಾ ಇಳಿಸಿದಳು. ಎಲ್ಲೂ ಒಂದು ಹೆಜ್ಜೆ ತಪ್ಪಲಿಲ್ಲ. ಹಳೆಯ ಕಲ್ಲುಗೋಡೆಯ ಹತ್ತಿರ ಬಂದಾಗ ಗಡಿಯಾರದಲ್ಲಿ ಮೂರೂ ನಲವತ್ತು. ಇನ್ನು ಒಂದು ಗಂಟೆ ಹತ್ತು ನಿಮಿಷ. ನಾಲ್ಕೂ ಐವತ್ತಕ್ಕೆ ಸರಿಯಾಗಿ ತಂಗುಮನೆ.

ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಎಲ್ಲರೂ ಗೋಡೆ ದಾಟುವವರೆಗೆ ಕಾದು, ಕೊನೆಗೆ ಬಂದ ಅತ್ತೆಯನ್ನು ಅವಳದೇ ದನಿಯಲ್ಲಿ ಅಣಕಿಸಿದಳು. "ಇನ್ನೇನು ಬಂತು ಅತ್ತೆ!"

ಈ ಅಣಕವನ್ನು ಮನೆಯಲ್ಲಿ ನೂರು ಸಲ ಮಾಡಿದ್ದಳು. ನೂರು ಸಲವೂ "ನನ್ನ ಮಾತು ನನಗೇ ಮಾರ್ತೀಯೇನೆ?" ಎಂದು ಅತ್ತೆ ಕೈಗೆ ಸಿಕ್ಕಿದ್ದನ್ನು ಎಸೆದಿದ್ದಳು.

ಅತ್ತೆ ತಲೆ ಎತ್ತಲಿಲ್ಲ. "ಹೌದಾ?" ಅಂದಳು. "ಒಳ್ಳೇದು."

ಸೊಸೆ ಎರಡು ಹೆಜ್ಜೆ ಮುಂದೆ ನಡೆದಳು. ಮೂರನೆಯದಕ್ಕೆ ಕಾಲು ತಾನಾಗಿಯೇ ನಿಂತಿತು.

ಹೌದಾ. ಬೆಳಗ್ಗೆ ಪೈಲ್ವಾನ್ ಅಂದಿದ್ದೂ ಅದೇ. ಹೊಟ್ಟೆಯಲ್ಲಿ ಏನೂ ಇಲ್ಲದೆ, ಬೈಯಲೂ ಶಕ್ತಿಯಿಲ್ಲದೆ. ಖರ್ಜೂರ ತಿಂದು ಜೀವ ಬಂದೊಡನೆ ರೇಗಿದ. ಡಾಕ್ಟರು ಮೊದಲಿನಿಂದಲೂ ರೇಗುತ್ತಲೇ ಇದ್ದರು, ಅವರಿಗೇನೂ ಆಗಲಿಲ್ಲ. ಹಾಗಾದರೆ ಅತ್ತೆ ಇಷ್ಟು ವರ್ಷ ಯಾರಿಗೂ ದೂರ ಹೇಳುತ್ತಲೇ ಇರಲಿಲ್ಲ! ಸುಳ್ಳೆಂದು ಎಲ್ಲರಿಗೂ ಗೊತ್ತಿರುವ ಮಾತೊಂದನ್ನು ಎಸೆದು, ತಿರುಗಿ ಏನು ಬರುತ್ತದೆಂದು ಕಿವಿಗೊಟ್ಟು ಕೇಳುತ್ತಿದ್ದಳು. ಜಗಳಕ್ಕೆ ಬಂದವರು ಗಟ್ಟಿ. ಒಪ್ಪಿಕೊಂಡವರನ್ನು ಕೂರಿಸಬೇಕು.

ಸೊಸೆ ಓಡಿಬಂದು ಅತ್ತೆಯ ಕೈ ಹಿಡಿದಳು. ಮಂಜುಗಡ್ಡೆ. ಅವಳ ಮೈಮೇಲೆ ಇದ್ದದ್ದು ಪೈಲ್ವಾನನ ಒದ್ದೆ ಕೋಟು.

"ಅತ್ತೆ, ನಿಮ್ಮ ಕೋಟೆಲ್ಲಿ?"

"ಅವನು... ನಡುಗ್ತಿದ್ದ." ನಾಲಿಗೆ ತಡವರಿಸುತ್ತಿತ್ತು. "ಇನ್ನೊಂದು ಗಂಟೆ ತಾನೆ. ನಡಿ. ನಿನ್ನ ಐದು ಗಂಟೆ..."

ಸಾಮಾನಿನ ಕೋಣೆಯ ಗೋಡೆಯ ಮೇಲೆ ನಿಯಮ ಬರೆದವಳೇ ಅದನ್ನು ಮುರಿದಿದ್ದಳು, ಅದೂ ಸೊಸೆಯ ಸಮಯ ಹಾಳಾಗಬಾರದೆಂದು ಬಾಯಿ ಮುಚ್ಚಿಕೊಂಡು ನಡೆದಿದ್ದಳು. ಸೊಸೆಗೆ ಸಿಟ್ಟು, ಅಳು, ಭಯ ಎಲ್ಲ ಒಟ್ಟಿಗೇ ಬಂದವು. ಅವನ್ನೆಲ್ಲ ಆಮೇಲಕ್ಕೆ ಇಟ್ಟುಕೊಂಡಳು.

"ಎಲ್ಲರೂ ನಿಲ್ಲಿ! ಗೋಡೆ ಮರೆಗೆ ಬನ್ನಿ!"

ಕಿತ್ತಳೆ ಚೀಲ ಬಿಡಿಸಿ ಆರೂ ಜನರನ್ನು ಒಳಗೆ ತೂರಿಸಿ ತಾನೂ ನುಗ್ಗಿದಳು. ಹೆಂಗಸರು ಶಾಲು ಅಡ್ಡ ಹಿಡಿದರು, ಗಂಡಸರು ಮುಖ ತಿರುಗಿಸಿದರು. ಅತ್ತೆಯ ಒದ್ದೆ ಬಟ್ಟೆ ತೆಗೆದು ತನ್ನ ಚೀಲದ ಒಣ ಸ್ವೆಟರು ತೊಡಿಸಿದಳು. ಬೇಕರಿ ಅಕ್ಕ ತಂಗಿಯರನ್ನು ಎರಡೂ ಕಡೆ ಒತ್ತಿ ಕೂರಿಸಿದಳು. ಪೈಲ್ವಾನ್ ತನ್ನ ಮೈಮೇಲಿದ್ದ ಅತ್ತೆಯ ಕೋಟು ಬಿಚ್ಚಿ ಅವಳಿಗೇ ಹೊದಿಸಿ, ತಾನು ಇನ್ನೊಬ್ಬರ ಶಾಲು ಸುತ್ತಿಕೊಂಡ. ಕೈ ಉಜ್ಜಲು ಹೋದ ಡಾಕ್ಟರ ಹೆಂಡತಿಯನ್ನು, ಚಳಿ ಹಿಡಿದ ಮೈ ಉಜ್ಜಬಾರದೆಂದು ಸೊಸೆ ತಡೆದಳು. ಫ್ಲಾಸ್ಕಿನ ಬಿಸಿ ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು.

ಗಡಿಯಾರದಲ್ಲಿ ನಾಲ್ಕು ಗಂಟೆಯಾಯಿತು. ನಾಲ್ಕೂವರೆಯಾಯಿತು. "ಎಷ್ಟು ಹೊತ್ರೀ ಹೀಗೆ? ನನ್ನ ಕಾಲು ಜೋಮು ಹಿಡೀತು," ಎಂದು ಡಾಕ್ಟರು ಗೊಣಗಿದರು. "ಯಾರದ್ರೀ ಮೊಣಕೈ ಇದು?" ಎಂದು ಅವರ ಹೆಂಡತಿ ಗದರಿದರು. ಬೈಯುವ ಒಬ್ಬೊಬ್ಬರನ್ನೂ ಸೊಸೆ ಮನಸ್ಸಿನಲ್ಲೇ ಎಣಿಸಿಕೊಂಡಳು. ಐದು ಜನವೂ ಗಟ್ಟಿ. ಆರನೆಯವಳು ಮಾತ್ರ ಕಣ್ಣು ಮುಚ್ಚಿ ಸುಮ್ಮನಿದ್ದಳು. ಜನ್ಮದಲ್ಲಿ ಯಾವತ್ತೂ ಅತ್ತೆಯ ಬೈಗುಳಕ್ಕೆ ಸೊಸೆ ಅಷ್ಟು ಹಂಬಲಿಸಿರಲಿಲ್ಲ.

ಬಗ್ಗಿ ಅತ್ತೆಯ ಕಿವಿಯ ಹತ್ತಿರ ಹೇಳಿದಳು. "ಅತ್ತೆ, ಇನ್ನೇನು ಬಂತು."

ಅತ್ತೆಯ ಹುಬ್ಬು ಗಂಟಾಯಿತು.

"ಏನು ಬಂತು, ನಿನ್ನ ತಲೆ! ಎಲ್ಲರೂ ಚೀಲದಲ್ಲಿ ಕೂತಿದ್ದೀವಿ, ತಂಗುಮನೆ ತಾನೇ ನಡ್ಕೊಂಡು ಬರುತ್ತಾ? ಇನ್ನೂ ಒಂದು ಗಂಟೆ ಹತ್ತು ನಿಮಿಷ ಇದೆ!"

ಸೊಸೆ ಗಡಿಯಾರ ನೋಡಿದಳು. ಉಳಿದದ್ದು ಸರಿಯಾಗಿ ಒಂದು ಗಂಟೆ ಹತ್ತು ನಿಮಿಷ. ಆಮೇಲಕ್ಕೆ ಇಟ್ಟುಕೊಂಡಿದ್ದ ಅಳುವೆಲ್ಲ ಆಗ ಬಂತು. ಏನಾಯಿತೆಂದು ಗೊತ್ತಾಗದೆ ಬೇಕರಿ ತಂಗಿಯೂ ಅತ್ತಳು.

ತಂಗುಮನೆ ಸೇರಿದಾಗ ಆರು ಗಂಟೆ. ಅತ್ತೆ ಒಲೆಯ ಮುಂದೆ ಎರಡು ಕಂಬಳಿ ಹೊದ್ದು ಕುಳಿತು, ಯಾರು ಬೇಡವೆಂದರೂ ಕೇಳದೆ ಹಾಳೆ ತರಿಸಿಕೊಂಡಳು. ಬೆರಳಿನ್ನೂ ನೆಟ್ಟಗಿರಲಿಲ್ಲ, ಅಕ್ಷರ ಸೊಟ್ಟಗೆ ಬಿದ್ದವು. ಬರೆದು ಮುಗಿಸಿ ಸೊಸೆಯ ಕೈಗೆ ಕೊಟ್ಟಳು.

ಸಮಯದ ಕಾಲಮ್ಮಿನಲ್ಲಿ, "ಒಂದು ಗಂಟೆ ತಡ. ತಪ್ಪು ನನ್ನದು." ಕೆಳಗೆ 'ಮುಂದೆ' ಎಂಬ ಚೌಕಕ್ಕೆ ಗುರುತು. ಅದರ ಕೆಳಗೆ, "ಕಾಲು ಚೆನ್ನಾಗಿದೆ. ಕಿವಿ ಬಂದಿದೆ."

ಸೊಸೆ ಎರಡು ಸಲ ಓದಿದಳು.

"ನಿಂತ್ಕೊಂಡು ನೋಡ್ತೀಯೇನು?" ಅಂದಳು ಅತ್ತೆ, ಕಂಬಳಿ ಎಳೆದುಕೊಳ್ಳುತ್ತಾ. "ಮನೆಗೆ ಹೋದ ಮೇಲೆ ಆ ಕಿವಿ ಡಾಕ್ಟರ ಚೀಟಿ ಫ್ರಿಜ್ಜಿನಿಂದ ತೆಗಿ. ಬಾಗಿಲು ತೆಗೆದಾಗಲೆಲ್ಲ ಅದನ್ನ ನೋಡಿ ನೋಡಿ ಸಾಕಾಗಿದೆ ನನಗೆ."