ಎಣ್ಣೆಯ ಹುಳಿ

ಗಾಜಿನ ನಳಿಕೆಯಿಂದ ಹುಳಿ ಅಳೆಯುವ ಕ್ಷಾರದ ಹನಿ ಬೀಳುತ್ತಲೇ ಇತ್ತು. ಕೆಳಗಿನ ಸೀಸೆಯಲ್ಲಿ ನಮ್ಮ ಎಣ್ಣೆ. ಅದು ಗುಲಾಬಿ ಬಣ್ಣಕ್ಕೆ ತಿರುಗುವುದನ್ನು ದೊಡ್ಡಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ಕಾಯುತ್ತಿದ್ದಳು.

"ಇನ್ನೂ ಬಣ್ಣ ಬಂದಿಲ್ಲ ಅಂದ್ರೆ ಒಳ್ಳೇದೋ ಕೆಟ್ಟದ್ದೋ?"

"ಕೆಟ್ಟದ್ದು. ಜಾಸ್ತಿ ಹನಿ ಕುಡಿದಷ್ಟೂ ಎಣ್ಣೆ ಹುಳಿಯಾಗಿದೆ ಅಂತ."

"ನಿಮ್ಮ ದೊಡ್ಡಪ್ಪನ ಜಾತಿ ಅನ್ನು. ಎಷ್ಟು ಕುಡಿದ್ರೂ ಮುಖದ ಬಣ್ಣ ಬದಲಾಗ್ತಿರ್ಲಿಲ್ಲ."

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಕಂಪನಿಯ ಅಧಿಕಾರಿ ನಕ್ಕ. ಗಾಣದ ಹೆಂಗಸರು ಅವನನ್ನು ಪಾಲುದಾರ ಎಂದೇ ಕರೆಯುತ್ತಾರೆ. ದೊಡ್ಡಮ್ಮ ತಿರುಗಿ ನೋಡಿದ್ದೇ ತಡ, ನಗು ನುಂಗಿಕೊಂಡ.

ಬೆಟ್ಟ ನಮ್ಮ ಜನರದು. ಅಲ್ಲಿನ ಎಣ್ಣೆಮರದ ಬೀಜ ಆರಿಸುವವರು ನಾವು, ಗಾಣ ನಮ್ಮ ಸಂಘದ್ದು, ಸಂಘಕ್ಕೆ ದೊಡ್ಡಮ್ಮ ಅಧ್ಯಕ್ಷೆ. ಎಣ್ಣೆಯನ್ನು ಡೀಸೆಲ್ ಮಾಡುವ ಟ್ಯಾಂಕು, ಸಾಗಿಸುವ ಲಾರಿ ಕಂಪನಿಯವು. ಹುಳಿಯ ಅಂಕಿ ನಾಲ್ಕನ್ನು ದಾಟಬಾರದೆಂದು ಒಪ್ಪಂದದಲ್ಲಿದೆ. ಒಂದೇ ಹಂಗಾಮಿನಲ್ಲಿ ಮೂರು ಸಲ ದಾಟಿದರೆ ಬೀಜ ಆರಿಸುವುದು, ಗಾಣ ನಡೆಸುವುದು ಎರಡೂ ಕಂಪನಿಯ ಕೈಗೆ ಹೋಗುತ್ತವೆ. ಎರಡು ಸಲ ದಾಟಿಯಾಗಿತ್ತು. ಇದು ಮೂರನೆಯದು.

ಆ ನಾಲ್ಕನ್ನು ಬರೆಸಿದ್ದು ದೊಡ್ಡಮ್ಮನೇ. ಕಂಪನಿ ಆರು ಎಂದಿತ್ತು. "ನಮ್ಮ ಎಣ್ಣೆ ಎರಡು ದಾಟಿದ್ದೇ ಇಲ್ಲ. ಆರು ಅಂತೆ ಆರು! ನಾಲ್ಕು ಬರೀರಿ," ಎಂದು ಅವಳು ಮೇಜು ತಟ್ಟಿದಾಗ ಸಭೆಯೆಲ್ಲ ಚಪ್ಪಾಳೆ ಹೊಡೆದಿತ್ತು. ಪರೀಕ್ಷೆ ಮಾಡುವವರು ನಮ್ಮವರೇ ಆಗಬೇಕು, ಅವರು ಹೇಳಿದ ಅಂಕಿಯೇ ಕೊನೆಯ ಮಾತಾಗಬೇಕು ಎಂದು ಹಟ ಹಿಡಿದು ಬರೆಸಿದ್ದೂ ಅವಳೇ. ಹಾಗೆ ನಾನು ಆರು ತಿಂಗಳು ಪಟ್ಟಣದಲ್ಲಿ ಕಲಿತು ಬಂದೆ. ಹಿಂದಿರುಗಿದ ದಿನ ಅವಳು ಎದುರಿಗೆ ಬಂದವರಿಗೆಲ್ಲ ನನ್ನನ್ನು ತೋರಿಸಿದ್ದಳು.

ನಾವು ಮರ ಅಲುಗಿಸುವುದಿಲ್ಲ. ಉದುರಿದ ಬೀಜವನ್ನೂ ಎಂಟು ದಿನ ಮುಟ್ಟುವುದಿಲ್ಲ. ಅಷ್ಟರಲ್ಲಿ ಇಲಿ, ಅಳಿಲು ತಮ್ಮ ಪಾಲನ್ನು ಎಳೆದೊಯ್ದು ಅಲ್ಲಲ್ಲಿ ಹೂತಿಟ್ಟು ಮರೆಯುತ್ತವೆ. ಬೆಟ್ಟದ ಅರ್ಧ ಮರಗಳು ಆ ಮರೆವಿನಲ್ಲೇ ಹುಟ್ಟಿದವು. ಒಣಹವೆಯ ವರ್ಷಗಳಲ್ಲಿ ಎಂಟು ದಿನ ಏನೂ ಅಲ್ಲ. ಈ ವರ್ಷ ಬೀಜ ಉದುರುವ ಹೊತ್ತಿಗೇ ಮಳೆ ಹಿಡಿಯಿತು. ಒದ್ದೆ ನೆಲದಲ್ಲಿ ಬಿದ್ದ ಬೀಜ ಒಳಗೊಳಗೇ ಹುಳಿಯಾಗುತ್ತದೆ. ಈ ಸಲ ಸಂಘದಲ್ಲಿ ಕಿತ್ತಾಡಿ ಎಂಟನ್ನು ನಾಲ್ಕು ದಿನಕ್ಕೆ ಇಳಿಸಿದ್ದರು. ಇಬ್ಬರು ಅಜ್ಜಿಯರು ಅಂದಿನಿಂದ ದೊಡ್ಡಮ್ಮನ ಜೊತೆ ಮಾತು ಬಿಟ್ಟಿದ್ದರು.

ಸೀಸೆಯಲ್ಲಿ ಬಣ್ಣ ನಿಂತಿತು. ಲೆಕ್ಕ ಹಾಕಿದೆ. ನಾಲ್ಕು ಪಾಯಿಂಟ್ ಮೂರು. ಇದೇ ಎಣ್ಣೆಯನ್ನು ಬೆಳಿಗ್ಗೆಯಿಂದ ಎರಡು ಸಲ ಪರೀಕ್ಷಿಸಿದಾಗಲೂ ಹೆಚ್ಚು ಕಡಿಮೆ ಅಷ್ಟೇ ಬಂದಿತ್ತು. ಮೂರರ ಸರಾಸರಿಯೂ ಅದೇ.

"ನಾಲ್ಕು ಅಂತ ಬರಿ," ಎಂದಳು ದೊಡ್ಡಮ್ಮ, ಪಾಲುದಾರನ ಎದುರಿಗೇ. "ನಿನ್ನ ಮಾತೇ ಕೊನೆ ಮಾತು ಅಲ್ವಾ?"

"ಬರೀಬಹುದು. ಆದ್ರೆ ಟ್ಯಾಂಕಿನವರು ನಾನು ಬರೆದ ಅಂಕಿ ನೋಡೇ ರಾಸಾಯನಿಕ ಹಾಕೋದು ದೊಡ್ಡಮ್ಮ. ತಪ್ಪು ಬರೆದ್ರೆ ಡೀಸೆಲ್ ಬೇರ್ಪಡಲ್ಲ. ಸೋಪಾಗಿ ಗಟ್ಟಿಯಾಗುತ್ತೆ. ಎಲ್ಲರಿಗೂ ಗೊತ್ತಾಗುತ್ತೆ."

"ಸೋಪೇ ಮಾರೋಣ ಬಿಡು," ಎಂದಳು.

ಪಾಲುದಾರ ಎದ್ದು ನಿಂತ. "ಅಮ್ಮ, ನಾನು ಮೇಲಿನವರಿಗೆ ಎರಡು ಸಲ ಬರ್ದೆ. ಮಳೆ ವರ್ಷ, ಆರು ಅಂತಲೇ ಇಟ್ಕೊಳ್ಳಿ ಅಂತ ಕೇಳ್ದೆ. ನಾಲ್ಕು ಅವರದೇ ಷರತ್ತಲ್ವಾ ಅಂದ್ರು. ನಂಗೇನು ಹೇಳೋಕೆ ಬರುತ್ತೆ?"

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ.

"ಮರ ಅಲುಗಿಸೋರು ಯಾವಾಗ ಬರ್ತಾರೆ?" ದೊಡ್ಡಮ್ಮ ಕೇಳಿದಳು.

"ಸೋಮವಾರ. ಯಂತ್ರ, ಬಲೆ ಎಲ್ಲ ತರ್ತಾರೆ. ನಿಮ್ಮವರಿಗೂ ಕೂಲಿ ಕೆಲಸ ಇದೆ." ಅವನು ನನ್ನತ್ತ ತಿರುಗಿದ. "ಇವರು ಹಾಗೇ ಮುಂದುವರೀತಾರೆ. ಪರೀಕ್ಷೆಯವರನ್ನ ತೆಗೆಯೋ ಹಾಗಿಲ್ಲ, ಒಪ್ಪಂದದಲ್ಲೇ ಇದೆ."

ಅದನ್ನೂ ದೊಡ್ಡಮ್ಮನೇ ಬರೆಸಿದ್ದಳು. "ಇರು ನೀನು," ಎಂದಳು ನನಗೆ. "ಬಿಟ್ಟುಗಿಟ್ಟು ಬಂದೀಯ." ನಾನು ಬರೆದ ಅಂಕಿಯ ಕೆಳಗೆ ನಿಧಾನವಾಗಿ ಸಹಿ ಹಾಕಿ ಪೆನ್ನು ಮುಚ್ಚಿಟ್ಟಳು.

ಅಂಗಳದಲ್ಲಿ ಹನ್ನೆರಡು ಹೆಂಗಸರು ತಾಡಪಾಲಿನ ಮೇಲೆ ಹರಡಿದ್ದ ಹೊಸ ಬೀಜದ ಸುತ್ತ ಕೂತು ಕೊಳೆತದ್ದನ್ನು ಹೆಕ್ಕಿ ಎಸೆಯುತ್ತಿದ್ದರು. ನಮ್ಮನ್ನು ಕಂಡು ಕೈ ನಿಲ್ಲಿಸಿದರು. ಅಂಕಿ, ಸೋಮವಾರ ಬರುವವರು, ನನ್ನ ಕೆಲಸ ಉಳಿದದ್ದು, ಎಲ್ಲ ಹೇಳಬೇಕಾದವಳು ನಾನು. ಹೇಳಿದೆ.

"ಪಾಯಿಂಟ್ ಮೂರು ಅಂದ್ರೆ ಎಷ್ಟೇ?" ಕೇಳಿದಳು ಚಿಕ್ಕತ್ತೆ.

"ಸ್ವಲ್ಪ."

"ಸ್ವಲ್ಪಕ್ಕಾ?"

ಯಾರೂ ಅಳಲಿಲ್ಲ, ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಾಲುದಾರ ಗೇಟಿನಾಚೆ ಫೋನಿನಲ್ಲಿ ಮಾತಾಡುತ್ತಿದ್ದ. ಚಿಕ್ಕತ್ತೆ ಬೊಗಸೆಯಲ್ಲಿದ್ದ ಬೀಜ ನೋಡಿದಳು.

"ಹಾಗಾದ್ರೆ ಇದನ್ನ ಆರಿಸೋದಾ, ಬಿಡೋದಾ?"

ದೊಡ್ಡಮ್ಮ ಉತ್ತರ ಕೊಡುತ್ತಾಳೆಂದು ಕಾದೆ. ಆಮೇಲೆ ಗೊತ್ತಾಯಿತು, ಚಿಕ್ಕತ್ತೆ ಕೇಳಿದ್ದು ನನ್ನನ್ನು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ದೊಡ್ಡಮ್ಮ ಕೂಡ, ಅವರ ನಡುವೆ ಹೋಗಿ ಕೂತು, ಏನು ಹೇಳುತ್ತೇನೋ ಎಂದು ತಲೆಯೆತ್ತಿ ಕಾಯುತ್ತಿದ್ದಳು.

"ನಂಗೊತ್ತಿಲ್ಲ ಅತ್ತೆ," ಎಂದೆ. "ಕಂಪನಿಯವರನ್ನ ಕೇಳಿ ಹೇಳ್ತೀನಿ."